ಗಾಡಿ ಎಳೆಯುತ್ತಿಲ್ಲ: ಕಾರಿನ ಗುಣವೋ, ಕಾಯಿಲೆಯೋ?

‘ಪಿಕಪ್ ಇಲ್ಲ’ ಎಂದಷ್ಟೇ ಹೇಳಿ ಕಾರನ್ನು ಗ್ಯಾರೇಜಿಗೆ ಬಿಟ್ಟರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್ ಮೂರೂ ಬಿಲ್ಲಿಗೆ ಸೇರುತ್ತವೆ. ಎಷ್ಟೋ ಸಲ ಕಾರು ಇದ್ದಂತೆಯೇ ಉಳಿಯುತ್ತದೆ. ಯಾಕೆಂದರೆ ಬ್ರೇಕ್ ಹಿಡಿದಿದ್ದರೂ ಜನ ಹೇಳುವುದು ‘ಪಿಕಪ್ ಇಲ್ಲ’ ಎಂದೇ, ಕ್ಲಚ್ ಸವೆದಿದ್ದರೂ ಅದೇ ಮಾತು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪೈಪ್ ಸೀಳಿದ್ದರೂ ಅದೇ ಮಾತು. ಏನೂ ಕೆಡದೆ, ಬರೀ ಗೇರ್ ಬೇಗ ಮೇಲಕ್ಕೆ ಹಾಕುವ ಅಭ್ಯಾಸವಿದ್ದರೂ ಅದೇ ಮಾತು.

ಹಾಗಾಗಿ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ: ಕಾರು ಕೊಂಡಾಗಿನಿಂದ ಹೀಗೆಯೇ, ಇತ್ತೀಚೆಗೆ ಹೀಗಾಯಿತೇ? ಮೊದಲಿನಿಂದಲೂ ಹೀಗೇ ಇದ್ದರೆ ಅದು ಬಹುಪಾಲು ಇಂಜಿನ್ನಿನ ಗುಣ. ಇತ್ತೀಚಿನದಾದರೆ ಕಾಯಿಲೆ. ಟೈರ್ ಬದಲಿಸಿದ ಮೇಲೆ, ಸಿಎನ್‌ಜಿ ಕಿಟ್ ಹಾಕಿಸಿದ ಮೇಲೆ, ಬ್ರೇಕ್ ಕೆಲಸ ಮಾಡಿಸಿದ ಮೇಲೆ ಶುರುವಾಗಿದ್ದರೆ ಮೊದಲು ಅಲ್ಲೇ ಹುಡುಕಿ.

ಗುಣ ಯಾವುದು

ಶೋರೂಮಿನಲ್ಲಿ ಹೇಳುವ ಹಾರ್ಸ್‌ಪವರ್ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಮಾತ್ರ ಸಿಗುವಂಥದ್ದು. ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಪೆಟ್ರೋಲ್ ಇಂಜಿನ್ನಿಗೆ ಸುಮಾರು 90 ಪಿಎಸ್ (ಹಾರ್ಸ್‌ಪವರಿನದೇ ಅಳತೆ) ಎನ್ನುತ್ತಾರೆ. ಅದು 6,000 ಆರ್‌ಪಿಎಂ ಹತ್ತಿರದ ಮಾತು. ಊರೊಳಗೆ ನಾವು ಓಡಿಸುವುದು 2,000ದ ಆಸುಪಾಸಿನಲ್ಲಿ. ಆಗ ಟಾರ್ಕ್, ಅಂದರೆ ತಿರುಗಿಸುವ ಬಲ, 100 ಎನ್‌ಎಂ (ನ್ಯೂಟನ್ ಮೀಟರ್) ಎಂದೇ ಇಟ್ಟುಕೊಂಡರೂ ಕೈಗೆ ಸಿಗುವುದು 28 ಪಿಎಸ್, ಅಂದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇದೇ ಕಂಪನಿ 2020ರವರೆಗೆ ಮಾರುತ್ತಿದ್ದ 1.3 ಲೀಟರ್ ಡೀಸೆಲ್ ನೋಡಿ. ಕಾಗದದ ಮೇಲೆ ಬರೀ 75 ಪಿಎಸ್. ಆದರೆ 2,000 ಆರ್‌ಪಿಎಂನಲ್ಲೇ 190 ಎನ್‌ಎಂ, ಅಂದರೆ ಅಲ್ಲೇ 54 ಪಿಎಸ್. ಡೀಸೆಲ್ ಓಡಿಸಿ ಪೆಟ್ರೋಲಿಗೆ ಬಂದವರಿಗೆ ಹೊಸ ಕಾರು ‘ಸತ್ತ ಹಾಗೆ’ ಅನ್ನಿಸುವುದು ಇದಕ್ಕೇ. ಕಾರು ಕೆಟ್ಟಿಲ್ಲ, ಅದರ ಶಕ್ತಿ ಬೇರೆ ಜಾಗದಲ್ಲಿದೆ.

ಘಟ್ಟದಲ್ಲಿ ಇದರ ಲೆಕ್ಕ ಇನ್ನೂ ನಿಚ್ಚಳ. 900 ಕೆ.ಜಿ. ಕಾರಿನಲ್ಲಿ ನಾಲ್ಕು ಜನ, ಸಾಮಾನು ಸೇರಿ 1,250 ಕೆ.ಜಿ. ಆಯಿತು ಎನ್ನಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗ ಕಾಯ್ದುಕೊಳ್ಳಲು, ಟೈರು, ಗಾಳಿ, ಗೇರ್‌ಬಾಕ್ಸಿನ ನಷ್ಟ ಸೇರಿಸಿ ಇಂಜಿನ್ ಸುಮಾರು 24 ಪಿಎಸ್ ಕೊಡಬೇಕು. ಎಸಿ ಕಂಪ್ರೆಸರ್‌ಗೆ ಇನ್ನೂ ಎರಡು ಮೂರು. ಮೂರನೇ ಗೇರಿನಲ್ಲಿ, 2,000 ಆರ್‌ಪಿಎಂನಲ್ಲಿ ಇರುವುದೇ 28. ಎತ್ತರಕ್ಕೆ ಹೋದಂತೆ ಅದೂ ಕರಗುತ್ತದೆ. ವೇಗ ಹೆಚ್ಚಿಸಲು ಏನೂ ಮಿಗದು, ಆಕ್ಸಿಲರೇಟರ್ ತಳಮುಟ್ಟ ತುಳಿದರೂ ಗಾಡಿ ಗೊರಗೊರ ಎನ್ನುತ್ತ ತೆವಳುತ್ತದೆ. ಎರಡನೇ ಗೇರಿಗೆ ಇಳಿಸಿದರೆ ಆರ್‌ಪಿಎಂ 3,000ಕ್ಕೆ ಏರಿ ಸುಮಾರು 45 ಪಿಎಸ್ ಸಿಗುತ್ತದೆ. ಶಿರಾಡಿ, ಚಾರ್ಮಾಡಿ ಹತ್ತುವಾಗ ಇಂಜಿನ್ ಸದ್ದಿಗೆ ಹೆದರಿ ಮೇಲಿನ ಗೇರಿನಲ್ಲೇ ಒದ್ದಾಡಿಸುವವರು ತುಂಬಾ ಜನ. 3,000ದಿಂದ 4,500ರವರೆಗಿನ ಸದ್ದು ಪೆಟ್ರೋಲ್ ಇಂಜಿನ್ನಿಗೆ ನೋವಿನ ಸದ್ದಲ್ಲ. 1,300ರಲ್ಲಿ ಪೂರ್ತಿ ತುಳಿದು ನಡುಗಿಸುವುದೇ ಅದಕ್ಕೆ ಹಿಂಸೆ.

ಎತ್ತರದ ಮಾತು ಬಂದಿತಲ್ಲ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ 90 ಪಿಎಸ್ ಇದ್ದ ಇಂಜಿನ್ ಬೆಂಗಳೂರಿನಲ್ಲಿ 81–82 ಪಿಎಸ್ ಇಂಜಿನ್. ವರ್ಗವಾಗಿ ಕರಾವಳಿಯಿಂದ ಮೇಲೆ ಬಂದವರಿಗೆ ಕಾರು ಮಂದವಾದಂತೆ ಅನ್ನಿಸಿದರೆ ಅದು ಭ್ರಮೆಯಲ್ಲ. ಟರ್ಬೊ ಇಂಜಿನ್‌ಗಳು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ. ಬಿಸಿಲೂ ಹೀಗೆಯೇ: ರಾಯಚೂರಿನ 40 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 6ಕ್ಕೂ ಹೆಚ್ಚು ತೆಳು.

ಸಿಎನ್‌ಜಿಯಲ್ಲಿ ಅನಿಲವೇ ಸಿಲಿಂಡರಿನೊಳಗೆ ಗಾಳಿಯ ಜಾಗ ಹಿಡಿಯುತ್ತದೆ. ಮೇಲೆ ಹೇಳಿದ ಅದೇ 1.2 ಲೀಟರ್ ಇಂಜಿನ್ ಪೆಟ್ರೋಲಿನಲ್ಲಿ 113 ಎನ್‌ಎಂ ಕೊಟ್ಟರೆ ಸಿಎನ್‌ಜಿಯಲ್ಲಿ 98.5 ಎನ್‌ಎಂ, 77.5 ಪಿಎಸ್. ಇದು ಕಂಪನಿಯೇ ಜೋಡಿಸಿದ ಕಿಟ್ಟಿನ ಮಾತು, ಹೊರಗೆ ಹಾಕಿಸಿದ್ದರೆ ಟ್ಯೂನಿಂಗ್ ಹೇಗಿದೆಯೋ ಹಾಗೆ. ಘಟ್ಟ ಹತ್ತುವ ಮುನ್ನ ಪೆಟ್ರೋಲಿಗೆ ಬದಲಿಸಿಕೊಳ್ಳಿ.

ಇನ್ನು ಪೆಡಲ್. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲ, ಪೆಡಲಿನಲ್ಲಿ ಒಂದು ಸೆನ್ಸರ್ ಇದೆ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆಯಬೇಕೆಂದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ತೀರ್ಮಾನಿಸುತ್ತದೆ. ಮೈಲೇಜಿಗಾಗಿ ಕೆಲವು ಕಾರುಗಳಲ್ಲಿ ಅರ್ಧ ತುಳಿದರೂ ಕಾಲುಭಾಗ ಮಾತ್ರ ತೆರೆಯುವಂತೆ ಮಾಡಿರುತ್ತಾರೆ. ಇಕೋ ಮೋಡ್ ಮಾಡುವುದೂ ಇದನ್ನೇ. ಪೂರ್ತಿ ತುಳಿದಾಗ ಚೆನ್ನಾಗಿ ಎಳೆದು, ಅರ್ಧಕ್ಕೆ ಮಂದ ಅನ್ನಿಸಿದರೆ ಇದೇ ಕಾರಣ. ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಎಎಂಟಿಯಲ್ಲಿ ಕ್ಲಚ್ ಬಿಟ್ಟು ಗೇರ್ ಬದಲಿಸುವ ಹೊತ್ತಿನಲ್ಲಿ ಎಳೆತ ಪೂರ್ತಿ ನಿಲ್ಲುತ್ತದೆ. ಓವರ್‌ಟೇಕ್ ಮಾಡುವ ಮೊದಲೇ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದು ಗೇರ್ ಇಳಿಸಿಕೊಂಡರೆ ಈ ಕಿರಿಕಿರಿ ತಪ್ಪುತ್ತದೆ. ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೊಮ್ಯಾಟಿಕ್ ಸಿವಿಟಿಯಲ್ಲಿ ಸದ್ದು ಮೊದಲು, ವೇಗ ಆಮೇಲೆ. ಅದು ಕ್ಲಚ್ ಜಾರುವುದಲ್ಲ.

ಅಳೆಯಿರಿ, ಊಹಿಸಬೇಡಿ

ಮನಸ್ಸಿನ ಅಳತೆ ದಿನಕ್ಕೊಂದು ಥರ. ಗಡಿಯಾರ ಹಾಗಲ್ಲ. ವಾಹನ ಸಂಚಾರ ಇಲ್ಲದ, ಚಪ್ಪಟೆಯಾದ, ಮುಂದೆ ದೂರದವರೆಗೆ ಕಾಣುವ ರಸ್ತೆ ಹುಡುಕಿ. ಇಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಆಫ್ ಇರಲಿ, ಕಿಟಕಿ ಮುಚ್ಚಿರಲಿ. ಮೂರನೇ ಗೇರಿನಲ್ಲಿ 35ರಲ್ಲಿ ಹೋಗುತ್ತಿರುವಾಗ ಪೂರ್ತಿ ತುಳಿದು 80 ಮುಟ್ಟುವವರೆಗೆ ಗೇರ್ ಬದಲಿಸಬೇಡಿ. ಪಕ್ಕದಲ್ಲಿ ಕುಳಿತವರು ಸ್ಪೀಡೋಮೀಟರನ್ನು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಆಮೇಲೆ ವಿಡಿಯೊ ನೋಡಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೂ ಮಾಡಿ ಸರಾಸರಿ ತೆಗೆಯಿರಿ. ಕಣ್ಣಿಗೆ ಕಾಣದ ಇಳಿಜಾರು, ಗಾಳಿ ಎರಡೂ ಲೆಕ್ಕದಿಂದ ಹೊರಗೆ ಹೋಗುತ್ತವೆ. ಕಾರು ಚೆನ್ನಾಗಿರುವಾಗಲೇ ಈ ಅಂಕಿ ಬರೆದಿಟ್ಟವರಿಗೆ ಮುಂದೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಅದೇ ಮಾದರಿಯ, ಅದೇ ಇಂಜಿನ್ನಿನ ಪರಿಚಯದವರ ಕಾರನ್ನು ಅದೇ ರಸ್ತೆಯಲ್ಲಿ ಅಳೆದು ಹೋಲಿಸಿ. ಶೇ 10ರ ಒಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಶೇ 20 ದಾಟಿದರೆ ಹುಡುಕಲೇಬೇಕು.

ದುಡ್ಡು ಬೇಡದ ಪರೀಕ್ಷೆಗಳು ಮೊದಲು

ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ ನೋಡಿ. ಒಂದರ ಮೇಲೊಂದು ಹಾಕಿದ ದಪ್ಪ ಮ್ಯಾಟ್ ಪೆಡಲನ್ನು ತಳ ಮುಟ್ಟಲು ಬಿಡುವುದಿಲ್ಲ. ಜಾರಿ ಬಂದ ಮ್ಯಾಟ್ ಪೆಡಲನ್ನು ಒತ್ತಿ ಹಿಡಿಯುವ ಅಪಾಯವೂ ಇದೆ, ಅದಕ್ಕಾದರೂ ತೆಗೆಯಿರಿ. ಟೈರ್ ಗಾಳಿಯನ್ನು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಇರುವಷ್ಟಕ್ಕೆ ತನ್ನಿ. ದೊಡ್ಡ ಟೈರ್ ಹಾಕಿಸಿದ್ದರೆ ಹೊರಸುತ್ತಿನ ವ್ಯಾಸ ಹೋಲಿಸಿ: ವ್ಯಾಸ ಶೇ 5 ಹೆಚ್ಚಾದರೆ ರಸ್ತೆಯ ಮೇಲಿನ ಎಳೆತ ಸುಮಾರು ಶೇ 5 ಕಡಿಮೆ, ಎಲ್ಲ ಗೇರುಗಳಲ್ಲೂ.

ಆಮೇಲೆ ಬ್ರೇಕ್. ಇದನ್ನು ನೋಡದೆ ಇಂಜಿನ್ ಬಿಚ್ಚುವುದು ತೀರಾ ಸಾಮಾನ್ಯ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳಬೇಕು. ಹತ್ತು ಹದಿನೈದು ಕಿ.ಮೀ. ಓಡಿಸಿ, ಕೊನೆಯ ಒಂದು ಕಿ.ಮೀ.ನಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಆದರೆ ಎಡ ಬಲಗಳ ನಡುವೆ 30 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಿಸಿಯಾದ ಕಡೆಯ ಬ್ರೇಕ್ ಹಿಡಿದಿದೆ. ಕಾರನ್ನು ಜಾಕಿನ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ತಿರುಗಿಸಿ ಖಚಿತಪಡಿಸಿಕೊಳ್ಳಿ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ತುಕ್ಕು ಹಿಡಿದಿರುವುದು ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಮಾಮೂಲು. ಪಿನ್ ಬಿಚ್ಚಿ ಸ್ವಚ್ಛಗೊಳಿಸಿ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಿದರೆ ಸಾಕು. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಮತ್ತೆ ಹಿಡಿಯುತ್ತದೆ. ಹಿಂದಿನ ಎರಡೂ ಚಕ್ರ ಬಿಸಿಯಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಬ್ರೇಕ್ ದ್ರವ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದ ತಕ್ಷಣ ಚಕ್ರ ಬಿಟ್ಟುಕೊಂಡರೆ ಬ್ರೇಕ್ ಹೋಸ್ ಒಳಗೆ ಉಬ್ಬಿ ದ್ರವವನ್ನು ಹಿಂದಕ್ಕೆ ಬಿಡುತ್ತಿಲ್ಲ ಎಂದರ್ಥ. ಆಗ ಹೋಸ್ ಬದಲಿಸಬೇಕು.

ಕ್ಲಚ್ ಪರೀಕ್ಷೆ ಸುಲಭ. ನಾಲ್ಕನೇ ಗೇರಿನಲ್ಲಿ 50ರಲ್ಲಿ ಹೋಗುತ್ತ ಪೂರ್ತಿ ತುಳಿಯಿರಿ, ಸಣ್ಣ ಏರಾದರೆ ಇನ್ನೂ ಉತ್ತಮ. ಆರ್‌ಪಿಎಂ ಮುಳ್ಳು, ಸ್ಪೀಡ್ ಮುಳ್ಳು ಜೊತೆಜೊತೆಗೇ ಏರಬೇಕು. ಆರ್‌ಪಿಎಂ ಚಂಗನೆ ನೆಗೆದು ಸ್ಪೀಡ್ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ, ಸುಟ್ಟ ವಾಸನೆಯೂ ಬರಬಹುದು. ಡೀಸೆಲ್ ಕಾರಿನಲ್ಲಿ ಇದು ಮೊದಲು ಕಾಣುವುದು ಟರ್ಬೊ ಎಳೆಯಲು ಶುರುಮಾಡುವ 2,000 ಆರ್‌ಪಿಎಂ ಹತ್ತಿರ. ಕೇಬಲ್ ಕ್ಲಚ್ ಇದ್ದರೆ ಪೆಡಲಿನ ಮೇಲ್ತುದಿಯಲ್ಲಿ ಸ್ವಲ್ಪ ಸಡಿಲ ಇದೆಯೇ ನೋಡಿ. ಅದು ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆ. ಪ್ಲೇಟ್ ಬದಲಿಸುವ ಮೊದಲು ಕೇಬಲ್ ಹೊಂದಿಸಿ ನೋಡಿ.

ಇಂಜಿನ್ ಉಸಿರಾಡುತ್ತಿದೆಯೇ?

ಚಕ್ರ ಸಲೀಸಾಗಿ ತಿರುಗುತ್ತಿದೆ, ಕ್ಲಚ್ ಹಿಡಿಯುತ್ತಿದೆ ಎಂದರೆ ಈಗ ಇಂಜಿನ್ ಕಡೆ ತಿರುಗಬಹುದು. ಸ್ಟೀರಿಂಗ್ ಕೆಳಗಿನ, ಇಸಿಯು ಮಾಹಿತಿ ಓದುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ರೀಡರ್, ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆ ಇದೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಓದಿ. ಅದು ನಿಮ್ಮೂರ ಗಾಳಿಯ ಒತ್ತಡವೇ: ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಹತ್ತಿರ, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88. ಈಗ ಓಡಿಸುತ್ತ ಎರಡನೇ ಗೇರಿನಲ್ಲಿ 4,000 ದಾಟುವವರೆಗೆ ಪೂರ್ತಿ ತುಳಿದಾಗಿನ ಒತ್ತಡವನ್ನು ರೆಕಾರ್ಡ್ ಮಾಡಿ, ನಿಂತ ಮೇಲೆ ನೋಡಿ. ಮೊದಲಿನ ಅಂಕಿಗಿಂತ ನಾಲ್ಕೈದರೊಳಗಿನ ಇಳಿಕೆ ಇದ್ದರೆ ಗಾಳಿಯ ದಾರಿ ತೆರೆದಿದೆ, ಏರ್ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಹತ್ತು, ಹದಿನೈದು ಕಡಿಮೆ ಬಂದರೆ ಫಿಲ್ಟರ್, ಹೊರಗಿನಿಂದ ಗಾಳಿ ತರುವ ಸ್ನಾರ್ಕಲ್ ಪೈಪ್, ಥ್ರಾಟಲ್ ಬಾಡಿ ಇವುಗಳಲ್ಲಿ ಏನೋ ಅಡ್ಡ ಇದೆ. ಇಲಿ ಕಟ್ಟಿದ ಗೂಡು ಫಿಲ್ಟರ್ ಡಬ್ಬಿಯೊಳಗೆ ಸಿಗುವುದು ಹಳ್ಳಿ ಕಡೆ ಅಪರೂಪವೇನಲ್ಲ.

ಅದೇ ಆ್ಯಪಿನಲ್ಲಿ ಇನ್ನೆರಡು ಅಂಕಿ ನೋಡಿ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನವನ್ನು ತಿದ್ದಿಕೊಳ್ಳುವ ಪ್ರಮಾಣ) ಶೇ 10ಕ್ಕಿಂತ ಮೇಲಿದ್ದರೆ ಇಸಿಯು ಇಂಧನ ಸಾಲದೆ ಹೆಚ್ಚೆಚ್ಚು ಸುರಿಯುತ್ತಿದೆ ಎಂದರ್ಥ. ಐಡಲಿನಲ್ಲಿ, ಅಂದರೆ ಪೆಡಲ್ ತುಳಿಯದೆ ಇಂಜಿನ್ ಸುಮ್ಮನೆ ಓಡುವಾಗ, ಮಾತ್ರ ಹೆಚ್ಚಿದ್ದರೆ ವ್ಯಾಕ್ಯೂಮ್ ಪೈಪ್ ಸೋರಿಕೆ. ವೇಗ ಏರಿದಂತೆ ಹೆಚ್ಚುತ್ತ ಹೋದರೆ ಫ್ಯೂಯೆಲ್ ಪಂಪ್, ಫಿಲ್ಟರ್ ಅಥವಾ ಒಳಬರುವ ಗಾಳಿ ಅಳೆಯುವ, ಕೊಳೆಯಾದ ಮಾಸ್ ಏರ್‌ಫ್ಲೋ ಸೆನ್ಸರ್. ಈ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ತಂತಿಗೆ ಬಟ್ಟೆ, ಬ್ರಷ್ ತಾಗಿಸಬೇಡಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಎರಡನೆಯದು ಕೂಲೆಂಟ್ ಉಷ್ಣತೆ: ಹತ್ತು ಹದಿನೈದು ನಿಮಿಷ ಓಡಿಸಿದರೂ 80 ಡಿಗ್ರಿ ಮುಟ್ಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿರುತ್ತದೆ. ಇಂಜಿನ್ ತಣ್ಣಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜೂ ಹೋಗುತ್ತದೆ.

ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲಿನ ಒತ್ತಡ 3ರಿಂದ 4 ಬಾರ್ ಇರುತ್ತದೆ. ಐಡಲಿನಲ್ಲಿ ಸರಿಯಿದ್ದು ಪೂರ್ತಿ ತುಳಿದಾಗ ಕುಸಿಯುವ ಪಂಪು ದಾರಿ ತಪ್ಪಿಸುತ್ತದೆ. ಒತ್ತಡವನ್ನು ಲೋಡ್ ಇರುವಾಗಲೇ ಅಳೆಯುವಂತೆ ಮೆಕ್ಯಾನಿಕ್‌ಗೆ ಹೇಳಿ.

ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ತುಳಿದಾಗ ಗಾಡಿ ಜಗ್ಗಿ ಜಗ್ಗಿ ಹೋಗುತ್ತಿದ್ದರೆ, ಒಬಿಡಿ ರೀಡರಿನಲ್ಲಿ ಕಾಣುವ ಪಿ0301ರಿಂದ ಪಿ0304ರವರೆಗಿನ ದೋಷದ ಕೋಡ್ ಯಾವ ಸಿಲಿಂಡರ್ ಎಂದು ಹೇಳಿಬಿಡುತ್ತದೆ. ಪ್ಲಗ್ಗಿಗೆ ವಿದ್ಯುತ್ ಕೊಡುವ ಹೊಸ ಕಾಯಿಲ್ ಕೊಳ್ಳುವ ಮೊದಲು ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಕೋಡ್ ಕಾಯಿಲಿನ ಹಿಂದೆಯೇ ಹೋದರೆ ಕಾಯಿಲ್ ಸತ್ತಿದೆ. ಅಲ್ಲೇ ಉಳಿದರೆ ಪ್ಲಗ್ ಬದಲಿಸಿ ನೋಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಮಿಸ್ಸಿಂಗನ್ನು ತಿಂಗಳುಗಟ್ಟಲೆ ಸಹಿಸಿಕೊಂಡು ಓಡಿಸಬೇಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿ ಒಳಗಿನ ಸೆರಾಮಿಕ್ ಜೇನುಗೂಡನ್ನೇ ಕರಗಿಸುತ್ತದೆ. ಆಗ ಹೊಗೆ ಹೊರಗೆ ಹೋಗಲು ದಾರಿಯೇ ಇಲ್ಲ.

ಹಾಗೆ ಮುಚ್ಚಿಹೋದ ಕನ್ವರ್ಟರಿನ ಲಕ್ಷಣ: ಕೆಳಗಿನ ಆರ್‌ಪಿಎಂನಲ್ಲಿ ಪರವಾಗಿಲ್ಲ, 3,000 ದಾಟಿದರೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದಂತೆ. ಕನ್ವರ್ಟರಿಗಿಂತ ಮೊದಲು ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಜೋಡಿಸಿದರೆ 2,500 ಆರ್‌ಪಿಎಂನಲ್ಲಿ 0.2 ಬಾರ್ ಮೀರಬಾರದು. ವ್ಯಾಕ್ಯೂಮ್ ಗೇಜಿನಿಂದಲೂ ತಿಳಿಯುತ್ತದೆ: 2,500ರಲ್ಲಿ ಹಿಡಿದು ನಿಲ್ಲಿಸಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತ ಹೋದರೆ ಎಗ್ಸಾಸ್ಟ್ ಕಟ್ಟಿದೆ. ಇಲ್ಲೊಂದು ಎಚ್ಚರ. ಐಡಲಿನಲ್ಲಿ ವ್ಯಾಕ್ಯೂಮ್ 17ರಿಂದ 21 ಇಂಚು (ಪಾದರಸದ ಅಳತೆ) ಇರಬೇಕು ಎಂದು ಪಟ್ಟಿಗಳಲ್ಲಿ ಬರೆದಿರುವುದು ಸಮುದ್ರಮಟ್ಟಕ್ಕೆ. ಬೆಂಗಳೂರಿನಲ್ಲಿ ಅದರಿಂದ ಮೂರು ಇಂಚು ಕಳೆಯಬೇಕು. ಕಳೆಯದೆ ಓದಿ, ಗಟ್ಟಿಮುಟ್ಟಾದ ಇಂಜಿನ್ನಿಗೆ ‘ರಿಂಗ್ ಸವೆದಿದೆ’ ಎಂದುಬಿಟ್ಟರೆ ದೊಡ್ಡ ಅನ್ಯಾಯ. ಕನ್ವರ್ಟರ್ ಬದಲಿಸುವುದೇ ಆದರೆ ಅದನ್ನು ಸುಟ್ಟ ಮಿಸ್ಸಿಂಗ್ ಮೊದಲು ಸರಿಯಾಗಬೇಕು, ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಟರ್ಬೊ ಡೀಸೆಲ್ ಬೇರೆಯೇ ಕಥೆ

1,800 ಆರ್‌ಪಿಎಂ ಕೆಳಗೆ ಮಂದ, ಆಮೇಲೆ ಒಮ್ಮೆಲೇ ಎಳೆತ: ಇದು ಟರ್ಬೊ ಲ್ಯಾಗ್, ಇದಕ್ಕೆ ಗೇರ್ ಇಳಿಸುವುದೇ ಮದ್ದು. ಮೊದಲಿದ್ದ ಆ ಎಳೆತವೇ ಈಗ ಮಾಯವಾಗಿದ್ದರೆ ತುಳಿದಾಗ ಕಪ್ಪು ಹೊಗೆ ಬರುತ್ತಿದೆಯೇ, ಸ್ಸ್ ಎಂಬ ಸದ್ದಿದೆಯೇ ಗಮನಿಸಿ. ಎರಡೂ ಇದ್ದರೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳನ್ನು ಕೈಯಾಡಿಸಿ ನೋಡಿ. ಸೀಳಿದ ಕಡೆ ಎಣ್ಣೆಯ ಜಿಡ್ಡು ಅಂಟಿರುತ್ತದೆ. ಸೀಳು ಕೆಳಭಾಗದಲ್ಲಿ ಇರುವುದೇ ಹೆಚ್ಚು, ಮೇಲಿನಿಂದ ನೋಡಿ ‘ಸರಿಯಿದೆ’ ಎನ್ನಬೇಡಿ. ಕ್ಲಿಪ್ ಸಡಿಲವಾಗಿದ್ದರೂ ಇದೇ ಲಕ್ಷಣ.

ವ್ಯಾಕ್ಯೂಮ್‌ನಿಂದ ನಡೆಯುವ ವೇರಿಯಬಲ್ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು) ಇದ್ದರೆ ಇಂಜಿನ್ ಸ್ಟಾರ್ಟ್ ಮಾಡಿದಾಗ ಆಕ್ಚುಯೇಟರ್ ಕಡ್ಡಿ ಒಳಗೆ ಸರಿಯಬೇಕು, ಆಫ್ ಮಾಡಿದಾಗ ಹಿಂದೆ ಬರಬೇಕು. ಅಲ್ಲಾಡದಿದ್ದರೆ ಮೊದಲು ಸಣ್ಣ ವ್ಯಾಕ್ಯೂಮ್ ಹೋಸ್ ನೋಡಿ. ಬಿಸಿಗೆ ಒಣಗಿ ಬಿರಿಯುವ ಆ ಅಗ್ಗದ ಟ್ಯೂಬಿನ ಬದಲು ಇಡೀ ಟರ್ಬೊವನ್ನೇ ಬದಲಿಸಿಬಿಡುವುದುಂಟು. ಟ್ಯೂಬ್ ಸರಿಯಿದ್ದು ಕಡ್ಡಿ ಬಿಗಿಯಾಗಿದ್ದರೆ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಪಿ0299 ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಸಾಲದು ಎನ್ನುವ ಕೋಡ್, ಟರ್ಬೊ ಸತ್ತಿದೆ ಎನ್ನುವ ಕೋಡಲ್ಲ.

ಕಪ್ಪು ಹೊಗೆ ಇದ್ದು ಪೈಪುಗಳೆಲ್ಲ ಸರಿಯಿದ್ದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಉಳಿದಿರಬಹುದು. ಹೊಗೆ ಇಲ್ಲದೆ ಮಂದವಾಗಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿದೆಯೇ, ಅದರಲ್ಲಿ ನೀರು ತುಂಬಿದೆಯೇ ನೋಡಿ. ಏಪ್ರಿಲ್ 2020ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್ ಕೂಡ ಸೇರಿಕೊಂಡಿತು. ಬರೀ ಊರೊಳಗೆ ಮೂರು ನಾಲ್ಕು ಕಿ.ಮೀ. ಓಡಿಸುವವರ ಕಾರಿನಲ್ಲಿ ಅದು ಮಸಿ ಸುಡುವಷ್ಟು ಬಿಸಿಯಾಗುವುದೇ ಇಲ್ಲ. ಡಿಪಿಎಫ್ ದೀಪ ಹೊತ್ತಿದ ಕೂಡಲೇ ಹೆದ್ದಾರಿಗೆ ಹೋಗಿ 60–80ರ ವೇಗದಲ್ಲಿ, 2,000 ಆರ್‌ಪಿಎಂ ಮೇಲೆ, ನಿಲ್ಲಿಸದೆ 15–20 ನಿಮಿಷ ಓಡಿಸಿ. ದೀಪವನ್ನು ಕಡೆಗಣಿಸಿದರೆ ಇಸಿಯು ಶಕ್ತಿಯನ್ನು ಕಡಿತಗೊಳಿಸಿ ಕಾರನ್ನು ಲಿಂಪ್ ಮೋಡಿಗೆ ತಳ್ಳುತ್ತದೆ. ಆಮೇಲೆ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಇಲ್ಲದೆ ಅದು ಬಿಟ್ಟುಕೊಡದು.

ದುಡ್ಡು ಹಾಕಬೇಡಿ

ಪೆಡಲಿಗೆ ಜೋಡಿಸುವ ಥ್ರಾಟಲ್ ಬಾಕ್ಸ್ ಒಂದೇ ಒಂದು ಪಿಎಸ್ ಸೇರಿಸುವುದಿಲ್ಲ, ಅರ್ಧ ತುಳಿದದ್ದನ್ನು ಮುಕ್ಕಾಲು ಎಂದು ಇಸಿಯುಗೆ ಹೇಳುತ್ತದೆ ಅಷ್ಟೆ. ಹೆಚ್ಚಿನ ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್, ಅದನ್ನು ಬೇಡುವ ಇಂಜಿನ್ನಿಗೆ ಮಾತ್ರ ಉಪಯೋಗ. ಎಣ್ಣೆ ಸವರಿದ ದೊಡ್ಡ ಏರ್ ಫಿಲ್ಟರಿನಿಂದ ಹೆಚ್ಚುವುದು ಸದ್ದು, ಆ ಎಣ್ಣೆ ಏರ್‌ಫ್ಲೋ ಸೆನ್ಸರಿನ ತಂತಿಗೆ ಅಂಟಿದರೆ ಇದ್ದ ಪಿಕಪ್ಪೂ ಹೋಗುತ್ತದೆ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಎಥೆನಾಲ್ ಇಲ್ಲದ ಪೆಟ್ರೋಲಿಗಿಂತ ಶೇ 6–7 ಕಡಿಮೆ ಎಂಬುದು ನಿಜ. ಆದರೆ ಇಸಿಯು ಇರುವ ಕಾರು ಅಷ್ಟು ಹೆಚ್ಚು ಇಂಧನ ಸುರಿದು ಸರಿದೂಗಿಸುತ್ತದೆ, ಹೊಡೆತ ಬೀಳುವುದು ಮೈಲೇಜಿಗೆ. ಪಿಕಪ್ ದಿಢೀರ್ ಬಿದ್ದದ್ದನ್ನು ಪೆಟ್ರೋಲಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ.

ಏನೇ ರಿಪೇರಿ ಮಾಡಿಸಿದರೂ ಒಂದು ಸಲಕ್ಕೆ ಒಂದೇ. ಕೋಡ್ ಅಳಿಸಿ, ಅದೇ ರಸ್ತೆಗೆ ಹೋಗಿ, ಅದೇ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಆ ಭಾಗ ಕೆಟ್ಟಿರಲಿಲ್ಲ. ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಮುಂದಿನ ಪರೀಕ್ಷೆಗೆ ಹೋಗಿ.